ಬೆಳೆಕೋಣೆಗೂ ಒಂದು ಹಿಡಿ ಹೂವು

ಮೊದಲ ಕೊಳವೆಯಲ್ಲಿ ಕಂಡದ್ದು ದೀಪದ ಬೆಳಕಿನ ಆಟವಿರಬೇಕೆಂದು ಸೆನೋಬಿಯಾ ಟಿಕೋನಾ ಅಂದುಕೊಂಡಳು. ಎರಡನೆಯದನ್ನು ಎತ್ತಿ ಟ್ಯೂಬ್‌ಲೈಟಿಗೆ ಅಡ್ಡ ಹಿಡಿದಳು. ಹೆಬ್ಬೆರಳೆತ್ತರದ ಆಲೂಗಡ್ಡೆ ಸಸಿ ಎಂದಿನಂತೆ ಹಸಿರಾಗಿ ನಿಂತಿತ್ತು. ಅದರ ಬುಡದಲ್ಲಿ ಮಣ್ಣಿನ ಬದಲಿದ್ದ ತಿಳಿಯಾದ ಲೋಳೆಯ ಮೇಲೆ ಮಾತ್ರ ಬಿಳಿ ಚುಕ್ಕೆಗಳು, ಒಂದರ ಹಿಂದೆ ಒಂದು, ಯಾರೋ ಸೂಜಿ ಹಿಡಿದು ಹೊಲಿಗೆ ಹಾಕಿದ ಹಾಗೆ. ಮೂರನೆಯದರಲ್ಲೂ ಇದ್ದವು. ನಾಲ್ಕನೆಯದನ್ನು ಎತ್ತುವ ಮೊದಲು ಅವಳು ಕೈ ಒರೆಸಿಕೊಂಡಳು, ಕೈಗೆ ಏನೂ ಅಂಟಿರದಿದ್ದರೂ.

ಬೊಲಿವಿಯಾದ ಆ ಕಣಿವೆ ಪಟ್ಟಣದ ವಿಶ್ವವಿದ್ಯಾಲಯದಲ್ಲಿ ಗಡ್ಡೆ ಸಂಶೋಧನಾ ಕೇಂದ್ರವೆಂದರೆ ಆರು ಕೋಣೆ, ಒಂದು ಗಾಜಿನ ಮನೆ, ಅಷ್ಟೆ. ಆದರೆ ಬೆಟ್ಟದ ಮೇಲಿನ ಊರುಗಳಿಂದ ಮೂವತ್ತು ವರ್ಷಗಳಲ್ಲಿ ಆರಿಸಿ ತಂದ ತೊಂಬತ್ತಾರು ಬಗೆಯ ನಾಟಿ ಆಲೂಗಡ್ಡೆಗಳು ಆ ಆರರಲ್ಲಿ ಒಂದು ಕೋಣೆಯೊಳಗೆ, ಗಾಜಿನ ಕೊಳವೆಗಳಲ್ಲಿ, ಬದುಕಿಕೊಂಡಿದ್ದವು. ಅದನ್ನು ಎಲ್ಲರೂ ಬೆಳೆಕೋಣೆ ಎನ್ನುತ್ತಿದ್ದರು. ಹೊರಗಿನ ಚಪ್ಪಲಿ ಹಾಕಿಕೊಂಡು ಅಲ್ಲಿಗೆ ಹೋಗುವಂತಿರಲಿಲ್ಲ. ತೊಳೆದ ಕೋಟು, ಕೂದಲಿಗೆ ಟೋಪಿ, ಸ್ಪಿರಿಟ್ಟಿನಲ್ಲಿ ಒರೆಸಿದ ಕೈ.

ಎರಡು ವರ್ಷದ ಹಿಂದಿನವರೆಗೆ ವಿದ್ಯಾರ್ಥಿಗಳಿಗೆ ಅದರ ಹೊಸ್ತಿಲು ದಾಟುವ ಅವಕಾಶವೇ ಇರಲಿಲ್ಲ. ಬಾಟಲಿ ತೊಳೆಯುವುದು, ನೀರು ಕುದಿಸುವುದು, ಹೆಸರಿನ ಚೀಟಿ ಅಂಟಿಸುವುದು, ಇಷ್ಟೇ. ಸಭೆಯ ಮೇಲೆ ಸಭೆ ನಡೆದು, ಗೋಡೆಗಳ ಮೇಲೆ ಬರಹ ಮೂಡಿ, ಕೊನೆಗೆ ಒಂದು ಕೀಲಿ ವಿದ್ಯಾರ್ಥಿಗಳ ಪಾಲಿಗೆ ಬಂದಿತ್ತು. ಸರದಿಯ ಮೇಲೆ ಅವರೇ ಸಸಿಗಳನ್ನು ಕತ್ತರಿಸಿ ಹೊಸ ಕೊಳವೆಗೆ ದಾಟಿಸುತ್ತಿದ್ದರು. ಕಳೆದ ನವೆಂಬರಿನಲ್ಲಿ ಕೇಂದ್ರದ ಆಡಳಿತ ಮಂಡಳಿಗೆ ಪ್ರತಿನಿಧಿಯಾಗಿ ಗೆದ್ದಾಗ ಆ ಕೀಲಿ ಸೆನೋಬಿಯಾಳ ಕೊರಳಿಗೆ ಬಂತು.

ಸಂಜೆಯ ಹೊತ್ತಿಗೆ ಲೆಕ್ಕ ಸಿಕ್ಕಿತು. ಎರಡು ಕಪಾಟು ಪೂರ್ತಿ ಹೋಗಿದ್ದವು. ಹನ್ನೊಂದು ಬಗೆಗಳಲ್ಲಿ ಒಂದು ಕೊಳವೆಯೂ ಉಳಿದಿರಲಿಲ್ಲ. ಅವುಗಳ ಇನ್ನೊಂದು ಪ್ರತಿ ಬೇರೆಲ್ಲೂ ಇರಲಿಲ್ಲ.

ಎಲ್ಲರೂ ಗೌರವದಿಂದ ಡಾನ್ ಎಫ್ರಾಯಿನ್ ಎನ್ನುತ್ತಿದ್ದ ಮುದುಕ ಮೇಷ್ಟ್ರು ಕನ್ನಡಕ ಹಣೆಗೇರಿಸಿ ಕೊಳವೆಯನ್ನು ಕಣ್ಣಿನ ಹತ್ತಿರ ತಂದು ನೋಡಿದರು. ಆ ಗಡ್ಡೆಗಳಲ್ಲಿ ಬಹುಪಾಲನ್ನು ಕಾಲ್ನಡಿಗೆಯಲ್ಲಿ ಹೋಗಿ ತಂದವರು ಅವರೇ.

"ಕೈಯಿಂದ ಬಂದ ಬೂಷ್ಟು ಹಿಂಗೆ ಸಾಲಾಗಿ ಬರಲ್ಲ," ಎಂದರು. "ಇದು ನಡ್ಕೊಂಡು ಬಂದಿರೋದು. ನುಸಿ. ಕಣ್ಣಿಗೆ ಕಾಣದಷ್ಟು ಸಣ್ಣದು. ಮುಚ್ಚಳದ ಸಂದೀಲಿ ನುಗ್ಗಿ, ಕಾಲಿಗಂಟಿದ ಬೂಷ್ಟನ್ನ ಹೆಜ್ಜೆ ಹೆಜ್ಜೆಗೂ ಬಿತ್ತಿದೆ. ಹೊರಗಿನ ಗಿಡವೋ ಹೂವೋ ಒಳಗೆ ಬಂದಿರ್ಬೇಕು. ಯಾರು ತಂದ್ರು?"

ಯಾರು, ಯಾವಾಗ, ಎಷ್ಟು ಎಂಬುದೆಲ್ಲ ಸೆನೋಬಿಯಾಳಿಗೆ ಗೊತ್ತಿತ್ತು.

ಕಾರ್ನಿವಲ್‌ಗೆ ಮುಂಚಿನ ಶುಕ್ರವಾರ ಎಲ್ಲ ಕಚೇರಿ, ಅಂಗಡಿ, ಕಾರ್ಖಾನೆಗಳಂತೆ ಕೇಂದ್ರದಲ್ಲೂ ಚಾಲ್ಯ ನಡೆದಿತ್ತು. ವರ್ಷವಿಡೀ ದುಡಿದ ಕಟ್ಟಡಕ್ಕೆ, ಯಂತ್ರಕ್ಕೆ, ಅವನ್ನು ಹೊತ್ತ ಭೂಮಿತಾಯಿ ಪಚಮಾಮಾಳಿಗೆ ಕೊಡುವ ಪಾಲು ಅದು. ನಿರ್ದೇಶಕಿ ಡಾಕ್ಟರ್ ಆರ್ಮಿಂಡಾ ಅವರೇ ಹೆಬ್ಬಾಗಿಲಲ್ಲಿ ಮೊದಲ ಬಟ್ಟಲು ಸುರಿದರು. ತಕ್ಕಡಿಗೆ ಬಣ್ಣದ ಕಾಗದದ ಸುರುಳಿ ಸುತ್ತಿದರು, ಬಾಟಲಿ ಕುದಿಸುವ ಹಂಡೆಗೂ ಮಾಲೆ ಬಿತ್ತು. ಮೂಲೆ ಮೂಲೆಗೆ ಹನಿ ಮದ್ಯ, ಹಿಡಿ ಕಾರ್ನೇಷನ್ ಎಸಳು, ಮಿಠಾಯಿ. ಮೇಷ್ಟ್ರುಗಳು ಕುಣಿದು ದಣಿದು ಅಂಗಳಕ್ಕೆ ಹೋದ ಮೇಲೆ ಐದಾರು ಹುಡುಗ ಹುಡುಗಿಯರು ಬೆಳೆಕೋಣೆಯ ಮುಂದೆ ನಿಂತರು.

"ಎಲ್ಲಾ ಕೋಣೆಗೂ ಕೊಟ್ಟು ಇದೊಂದನ್ನ ಉಪವಾಸ ಕೆಡವ್ತೀಯಾ?" ಎಂದಿದ್ದ ಲಿಂಬರ್ಟ್. ಅವನೂ ವಿದ್ಯಾರ್ಥಿ ಪ್ರತಿನಿಧಿಯೇ, ಸಭೆಗಳಲ್ಲಿ ಮೈಕು ಬೇಡದ ಗಂಟಲು. "ಪಚಮಾಮಾ ಮುನಿಸ್ಕೊಂಡ್ರೆ ಮೊದಲು ಒಣಗೋದು ನಿನ್ನ ಸಸಿಗಳೇ ನೋಡು."

"ಒಳಗೆ ಹೂವು ತರೋ ಹಾಗಿಲ್ಲ ಕಣೋ."

"ಸ್ಪಿರಿಟ್ಟಲ್ಲಿ ಕೈ ತೊಳೀತೀವಲ್ಲ, ಇದೂ ಸ್ಪಿರಿಟ್ಟೇ. ಎರಡೇ ನಿಮಿಷ ನಾಯಕಿ, ಎರಡೇ ನಿಮಿಷ!"

ಎಲ್ಲರೂ ನಕ್ಕರು. ಅವಳೂ ನಕ್ಕಳು. ಅವಳಿಗೆ ಆಗ ಹೆದರಿಕೆಯಾದದ್ದು ಹೂವಿಗಲ್ಲ. ತೊಂಬತ್ತಾರು ಬಗೆಯ ಗಡ್ಡೆ ಇರುವ ಕೋಣೆಯನ್ನೇ ಪಚಮಾಮಾಳ ಪಾಲಿನಿಂದ ಹೊರಗಿಟ್ಟರೆ ಏನಾದೀತೋ ಎಂದು. ಬಾಗಿಲು ತೆಗೆದಳು. ಕಪಾಟುಗಳ ಕೆಳಗೆ ಒಂದು ಹಿಡಿ ಎಸಳು ಬಿತ್ತು. ರಜೆ ಮುಗಿದ ಗುರುವಾರ ಅವಳೇ ಗುಡಿಸಿದ್ದಳು. ಅಷ್ಟರೊಳಗೆ ಎಸಳು ಬಾಡಿತ್ತು. ಅದರಲ್ಲಿದ್ದ ನುಸಿ ಹಸಿರು ಹುಡುಕಿಕೊಂಡು ಮೇಲಕ್ಕೆ ಹೊರಟಿತ್ತು.

ಡಾನ್ ಎಫ್ರಾಯಿನ್ ಇನ್ನೂ ಉತ್ತರಕ್ಕೆ ಕಾಯುತ್ತಿದ್ದರು. "ವಿಚಾರಿಸ್ತೀನಿ ಸರ್," ಎಂದಳು ಸೆನೋಬಿಯಾ. ಅವರು ಕೊಳವೆಯನ್ನು ಸ್ಟ್ಯಾಂಡಿಗೆ ಮರಳಿಸಿ, ಅದರ ಚೀಟಿಯನ್ನು ಹೆಬ್ಬೆರಳಿಂದ ಒಮ್ಮೆ ಸವರಿ ಹೊರಟುಹೋದರು.

ಮಾರನೆಯ ದಿನವೇ ಮಂಡಳಿಯ ಸಭೆಯ ಸೂಚನೆ ಬಂತು. ವಿಷಯ ಒಂದೇ: ವಿದ್ಯಾರ್ಥಿಗಳ ಕೀಲಿ ಹಿಂಪಡೆದು ಅವರ ಸರದಿಯನ್ನು ರದ್ದು ಮಾಡುವುದು.

ಸಭೆಯ ಬೆಳಿಗ್ಗೆ ಗೇಟಿನೆದುರಿನ ಅಪಿ ಅಂಗಡಿಯ ಬೆಂಚಿನ ಮೇಲೆ ಲಿಂಬರ್ಟ್ ಅವಳಿಗಾಗಿ ಕಾದಿದ್ದ. ನೇರಳೆ ಜೋಳದ ಬಿಸಿ ಅಪಿಯಲ್ಲಿ ಕರಿದ ರೊಟ್ಟಿ ಅದ್ದಿ ತಿನ್ನುತ್ತ, ಬಾಯಿ ತುಂಬಿಕೊಂಡೇ ಮಾತಾಡಿದ.

"ಲೆಕ್ಕ ಸುಲಭ. ಮೇಷ್ಟ್ರು ಮೂರು, ನಾವು ಮೂರು. ಸಮ ಬಂದ್ರೆ ನಿರ್ದೇಶಕಿ ವೋಟು. ಅವರು ನಮ್ಮ ವಿರುದ್ಧ ಹಾಕಿದ್ರೆ ಕಟ್ಟಡಕ್ಕೆ ಬೀಗ ಜಡಿದು ಕೂರೋಣ. ನಿನ್ನ ಕೆಲಸ ಒಂದೇ, ಬಾಯಿ ಮುಚ್ಕೊಂಡು ಕೈ ಎತ್ತೋದು."

"ಹೂವಿನ ವಿಷಯ ಕೇಳಿದ್ರೆ?"

"ಯಾವ ಹೂವು?" ಎಂದು ಅವನು ಕಣ್ಣರಳಿಸಿದ. ಅವಳು ನಗಲಿಲ್ಲ. ಅವನು ದನಿ ತಗ್ಗಿಸಿದ. "ನೋಡು ಸೆನೋ. ನೀನು ಒಪ್ಕೊಂಡ್ರೆ ಹೋಗೋದು ನಿನ್ನ ಮಾನ ಒಂದೇ ಅಲ್ಲ. ಮುಂದಿನ ವರ್ಷ ಬರೋ ಮಕ್ಕಳು ಮತ್ತೆ ಬಾಟಲಿ ತೊಳೀಬೇಕು. ನೋಡಿ, ನಾವು ಹೇಳಿರ್ಲಿಲ್ವಾ, ಇವರ ಕೈಗೆ ಕೊಟ್ರೆ ಹಿಂಗೇ ಅಂತಾರೆ. ಅದು ಬೇಕಾ ನಿಂಗೆ?"

"ಬೇಡ."

"ಮತ್ತೆ?"

ಅವಳು ಲೋಟದ ಅಂಚನ್ನು ಬೆರಳಿಂದ ಸುತ್ತುತ್ತಿದ್ದಳು. "ನುಸಿ ಇನ್ನೂ ಒಳಗಿದೆ ಲಿಂಬರ್ಟ್. ಎಲ್ಲಿಂದ ಬಂತು ಅಂತ ಗೊತ್ತಾಗ್ದೇ ಇದ್ರೆ ಅವರು ಗಾಳಿ ಯಂತ್ರ ಬಿಚ್ತಾರೆ, ನೀರು ಪರೀಕ್ಷೆ ಮಾಡ್ತಾರೆ. ಒಂದು ತಿಂಗಳು ಹೋಗುತ್ತೆ. ಅಷ್ಟರಲ್ಲಿ ಉಳಿದ ಎಂಬತ್ತೈದೂ ಹೋಗ್ತವೆ."

ಅವನು ಅವಳ ಪಾಲಿನ ರೊಟ್ಟಿಯನ್ನೂ ಎತ್ತಿಕೊಂಡ.

ಸಭೆಯ ಕೋಣೆಯಲ್ಲಿ ಉದ್ದನೆಯ ಮೇಜು. ಒಂದು ಮಗ್ಗುಲಿಗೆ ಮೂವರು ಮೇಷ್ಟ್ರು: ಡಾನ್ ಎಫ್ರಾಯಿನ್, ಮಣ್ಣು ಪರೀಕ್ಷೆಯ ಮಾತಿಲ್ಲದ ಮೇಷ್ಟ್ರೊಬ್ಬರು, ಕೊನೆಗೆ ಹೊಸದಾಗಿ ಸೇರಿದ ಯೋಬಾನಾ. ಇನ್ನೊಂದು ಮಗ್ಗುಲಿಗೆ ಸೆನೋಬಿಯಾ, ಲಿಂಬರ್ಟ್, ಮೊದಲ ಬಾರಿಗೆ ಆರಿಸಿ ಬಂದು ಎಲ್ಲದಕ್ಕೂ ತಲೆಯಾಡಿಸುವ ದೆಲಿಯಾ. ಮೇಜಿನ ತುದಿಗೆ ಡಾಕ್ಟರ್ ಆರ್ಮಿಂಡಾ.

ಡಾನ್ ಎಫ್ರಾಯಿನ್ ಕೂಗಾಡಲಿಲ್ಲ. ಕೂಗಿದ್ದರೆ ಅವಳಿಗೆ ಹಗುರವಾಗುತ್ತಿತ್ತು. ಹೋದ ಹನ್ನೊಂದರ ಹೆಸರನ್ನು ಅವರು ಚೀಟಿ ನೋಡದೆ ಒಂದೊಂದಾಗಿ ಹೇಳಿದರು. ಪೂಮಾ ಪಂಜ. ಕೆಂಪು ಕಣ್ಣಿನದು. ಹಂದಿಮರಿ. ಸೊಸೆಯನ್ನು ಅಳಿಸುವ ಗಡ್ಡೆ. ಪ್ರತಿ ಹೆಸರಿನ ನಂತರ ಊರಿನ ಹೆಸರು, ಕೊಟ್ಟವರ ಹೆಸರು. ಆಮೇಲೆ ಎರಡೂ ಕೈ ಮೇಜಿನ ಮೇಲಿಟ್ಟು, "ಮಕ್ಕಳ ಮೇಲೆ ನಂಗೆ ಸಿಟ್ಟಿಲ್ಲ. ಆದ್ರೆ ಕೀಲಿ ಆಟಿಕೆ ಅಲ್ಲ. ವಾಪಸ್ ತಗೋಳಿ," ಎಂದರು.

"ಇದಕ್ಕೆ ಆಧಾರ ಏನು ಸರ್?" ಎಂದು ಲಿಂಬರ್ಟ್ ಎದ್ದ. "ಗಾಳಿ ಯಂತ್ರ ಎರಡು ವರ್ಷದಿಂದ ರಿಪೇರಿ ಆಗಿಲ್ಲ. ತಪ್ಪೆಲ್ಲ ವಿದ್ಯಾರ್ಥಿಗಳ ತಲೆಗೆ ಕಟ್ಟೋದು..."

"ಬಾಗಿಲು ತೆಗೆದದ್ದು ನಾನು," ಎಂದಳು ಸೆನೋಬಿಯಾ.

ಅಷ್ಟು ಮೆಲ್ಲಗೆ ಹೇಳಿದ್ದಳೆಂದರೆ ಮಣ್ಣಿನ ಮೇಷ್ಟ್ರು "ಏನಂದ್ರಿ?" ಎಂದು ಮುಂದಕ್ಕೆ ಬಾಗಿದರು. ಅವಳು ಇನ್ನೊಮ್ಮೆ ಹೇಳಬೇಕಾಯಿತು. ಚಾಲ್ಯದ ದಿನ, ಬೆಳೆಕೋಣೆ, ಹೂವಿನ ಎಸಳು, ಗುರುವಾರ ಗುಡಿಸಿದ್ದು. ಎಸಳು ಬಿದ್ದದ್ದು ಹಾಳಾದ ಆ ಎರಡು ಕಪಾಟುಗಳ ಕೆಳಗೇ. ನಿಲ್ಲಿಸಿದರೆ ಮತ್ತೆ ಶುರುಮಾಡಲಾರೆನೆಂದು ನಿಲ್ಲಿಸಲಿಲ್ಲ. ಲಿಂಬರ್ಟ್ ಕುರ್ಚಿಯಲ್ಲಿ ಕುಸಿದು ಕೂತ.

"ನೀನೊಬ್ಬಳೇ?" ಎಂದು ಡಾನ್ ಎಫ್ರಾಯಿನ್ ಕೇಳಿದರು. "ತೆಗೀ ಅಂದವರು ಯಾರು?"

"ಕೀಲಿ ನನ್ನ ಕೊರಳಲ್ಲಿತ್ತು ಸರ್. ಬೇಡ ಅನ್ನಬೇಕಾದವಳು ನಾನೇ."

ಲಿಂಬರ್ಟ್ ಕಿಟಕಿ ನೋಡುತ್ತಿದ್ದ. ಅವನ ಕಿವಿ ಕೆಂಪಾಗಿತ್ತು.

ಡಾಕ್ಟರ್ ಆರ್ಮಿಂಡಾ ಪೆನ್ನು ಕೆಳಗಿಟ್ಟರು. "ವಿಜ್ಞಾನ ಓದೋ ಹುಡುಗಿ ನೀನು. ಆ ಕೋಣೆಗೆ ಹೂವು ಹಾಕ್ಬಾರ್ದು ಅಂತ ಗೊತ್ತಿಲ್ವೇನಮ್ಮಾ?"

"ಗೊತ್ತಿತ್ತು ಮೇಡಂ. ಆದ್ರೆ ಉಳಿದ ಎಲ್ಲಾ ಕೋಣೆಗೂ ನೀವು ಹಾಕಿದ್ರಿ. ಇದಕ್ಕೇ ಏನೂ ಕೊಡ್ದೇ ಇರೋಕೆ ಮನಸ್ಸಾಗ್ಲಿಲ್ಲ."

ಆ ಮೇಜಿನ ಸುತ್ತ ಕೂತವರಲ್ಲಿ ಪಚಮಾಮಾಳಿಗೆ ಮೊದಲ ಗುಟುಕು ಚೆಲ್ಲದೆ ಕುಡಿದವರು ಒಬ್ಬರೂ ಇರಲಿಲ್ಲ.

"ಈಗ ಮಾಡ್ಬೇಕಾದ್ದು ಹೇಳ್ಲಾ?" ಎಂದು ಸೆನೋಬಿಯಾ ಮಡಿಸಿದ ಹಾಳೆ ಬಿಡಿಸಿದಳು. ಎರಡು ಕಪಾಟನ್ನು ಇವತ್ತೇ ಹೊರಗೊಯ್ದು ಸುಡುವುದು. ಉಳಿದ ಎಂಬತ್ತೈದನ್ನೂ ಒಂದು ವಾರದಲ್ಲಿ ಹೊಸ ಕೊಳವೆಗೆ ದಾಟಿಸುವುದು. ಅದಕ್ಕೆ ಹನ್ನೆರಡು ಕೈ ಬೇಕು, ಕೇಂದ್ರದಲ್ಲಿ ಆ ಕೆಲಸ ಕಲಿತ ಕೈಗಳೆಂದರೆ ವಿದ್ಯಾರ್ಥಿಗಳವೇ. ಏಪ್ರಿಲ್, ಮೇ ಬೆಟ್ಟದಲ್ಲಿ ಗಡ್ಡೆ ಕೀಳುವ ಕಾಲ. ಮೂರು ತಂಡವಾಗಿ ಹೋಗಿ, ಹನ್ನೊಂದೂ ಬಂದ ಊರುಗಳಲ್ಲೇ ಹುಡುಕಿ ಕೇಳಿ ತರುವುದು. "ಜೂನ್ ಸಭೇಲಿ ಎಂಟಾದ್ರೂ ಮೇಜಿನ ಮೇಲೆ ಇಡ್ತೀವಿ. ಹನ್ನೊಂದೂ ಅಂತ ಹೇಳಿದ್ರೆ ಸುಳ್ಳಾಗುತ್ತೆ. ಎಂಟು ತರದಿದ್ರೆ ಕೀಲಿ ನಿಮ್ದು, ಮತ್ತೆ ಕೇಳಲ್ಲ. ಅಲ್ಲೀವರೆಗೆ ಅದು ಮೇಡಂ ಹತ್ರ ಇರ್ಲಿ. ಪ್ರತಿನಿಧಿ ಸ್ಥಾನಕ್ಕೆ ನಾನು ಇವತ್ತೇ..."

"ಅದನ್ನ ನಿನ್ನನ್ನ ಆರಿಸಿದವರು ನೋಡ್ಕೋತಾರೆ," ಎಂದು ಡಾಕ್ಟರ್ ಆರ್ಮಿಂಡಾ ತಡೆದರು. "ಇಲ್ಲಿ ವೋಟು ಕೀಲಿಗೆ. ಸೆನೋಬಿಯಾ ಹೇಳಿದ್ದಕ್ಕೆ ಯಾರ್ಯಾರು ಒಪ್ತೀರಿ?"

ಸೆನೋಬಿಯಾ ಕೈ ಎತ್ತಿದಳು. ದೆಲಿಯಾ ಎತ್ತಿದಳು. ಲಿಂಬರ್ಟ್ ಎದ್ದು, ಕುರ್ಚಿ ಸದ್ದು ಮಾಡಿ, ಹೊರಗೆ ನಡೆದ. ಬಾಗಿಲು ತಾನಾಗಿ ಮುಚ್ಚಿಕೊಂಡಿತು. ಎರಡು ಕೈ. ಎದುರಿಗೆ ಮೂವರು. ಸೆನೋಬಿಯಾ ಮೇಜಿನ ಮರದ ಗೆರೆಗಳನ್ನು ನೋಡುತ್ತಿದ್ದಳು.

"ಆ ಹೂವು ಸಂತೇಲಿ ಆರಿಸಿ ತಂದದ್ದು ನಾನು," ಎಂದರು ಯೋಬಾನಾ ಮೇಷ್ಟ್ರಮ್ಮ, ತಮ್ಮಷ್ಟಕ್ಕೆ ಎಂಬಂತೆ. "ನಾಲ್ಕು ಕಟ್ಟು. ಒಂದೂ ಕೊಡವಿ ನೋಡ್ಲಿಲ್ಲ." ಅವರ ಕೈ ಮೇಲಕ್ಕೆ ಹೋಯಿತು.

ಮೂರು. ವಿರೋಧಕ್ಕೆ ಡಾನ್ ಎಫ್ರಾಯಿನ್ ಎತ್ತಿದರು, ಮಣ್ಣಿನ ಮೇಷ್ಟ್ರು ಎತ್ತಿದರು. ಎರಡು.

ಸಭೆ ಮುಗಿದು ಎಲ್ಲರೂ ಹೋದ ಮೇಲೆ ಡಾನ್ ಎಫ್ರಾಯಿನ್ ಓಣಿಯಲ್ಲಿ ಅವಳನ್ನು ನಿಲ್ಲಿಸಿದರು. "ನಾನು ನಿನಗೆ ವೋಟು ಹಾಕ್ಲಿಲ್ಲ."

"ನೋಡ್ದೆ ಸರ್."

"ಮುಂದೇನೂ ಹಾಕಲ್ಲ ಅಂತಲ್ಲ." ಸ್ವಲ್ಪ ಹೊತ್ತು ಕೋಟಿನ ಗುಂಡಿ ತಿರುವಿದರು. "ಸೊಸೆಯನ್ನು ಅಳಿಸೋದು ಕಾಯಾರಾನಿ ಊರಿನದು. ದೋನ್ಯಾ ಸೆಬಾಸ್ತಿಯಾನಾ ಅಂತ ಕೊಟ್ಟಾಕೆ. ಈಗ ಬಸ್ಸಿದೆಯಂತೆ, ನಾನು ಎರಡು ದಿನ ನಡೆದಿದ್ದೆ. ನನ್ನ ಹೆಸರು ಮಾತ್ರ ಹೇಳ್ಬೇಡ."

"ಯಾಕೆ ಸರ್?"

"ಅದು ಹೇಗೆ ಬೆಳೀತಿದೆ ಅಂತ ಬಂದು ಹೇಳ್ತೀನಿ ಅಂದಿದ್ದೆ. ಹೋಗ್ಲೇ ಇಲ್ಲ."

ಆ ವಾರ ಹದಿನಾಲ್ಕು ಮಂದಿ ಬಂದರು. ಉಳಿದ ಎಂಬತ್ತೈದೂ ಹೊಸ ಕೊಳವೆ ಸೇರಿದವು. ಲಿಂಬರ್ಟ್ ಬರಲಿಲ್ಲ. ವಿದ್ಯಾರ್ಥಿಗಳ ಮಹಾಸಭೆಯಲ್ಲಿ ಸೆನೋಬಿಯಾಳನ್ನು ಇಳಿಸಬೇಕೆಂದು ಕೂಗಿದವರಿದ್ದರು, ಇಳಿಸಬಾರದೆಂದು ಅದಕ್ಕಿಂತ ಜೋರಾಗಿ ಕೂಗಿದವರಿದ್ದರು. ಒಂಬತ್ತು ಮತಗಳ ಅಂತರದಲ್ಲಿ ಅವಳು ಉಳಿದಳು. ಮೇ ತಿಂಗಳ ಮೂರನೆಯ ವಾರದ ಹೊತ್ತಿಗೆ ತಂಡಗಳು ಏಳು ಬಗೆ ತಂದಿದ್ದವು. ಮೂರು ಬಗೆ ಈಗ ಯಾರ ಹೊಲದಲ್ಲೂ ಇಲ್ಲವೆಂದು ಖಚಿತವಾಯಿತು. ಉಳಿದದ್ದು ಕಾಯಾರಾನಿಯ ಒಂದು.

ಶನಿವಾರ ಬೆಳಿಗ್ಗೆ ಬಸ್ಸಿನಲ್ಲಿ ಅವಳೂ ದೆಲಿಯಾಳೂ ಕೂತ ಮೇಲೆ, ಚಕ್ರ ಉರುಳುವ ಹೊತ್ತಿಗೆ ಒಬ್ಬ ಓಡಿಬಂದು ಹತ್ತಿದ. ಹಿಂದಿನ ಸೀಟಿನಲ್ಲಿ ಕೂತು, ಕುತ್ತಿಗೆ ಮುಂದೆ ಚಾಚಿ, "ನಾಯಕೀ, ಗುದ್ದಲಿ ಹಿಡಿಯೋಕೆ ಬರೋರು ಯಾರಾದ್ರೂ ಇದಾರಾ ನಿಮ್ಮಲ್ಲಿ? ಇಲ್ಲಾ ಬರೀ ಭಾಷಣನಾ?" ಎಂದ. ಲಿಂಬರ್ಟ್. ಅವನ ಕೈಯಲ್ಲಿ ಬಿಸಿ ಬನ್ನಿನ ಪೊಟ್ಟಣವಿತ್ತು. ಅವಳು ಒಂದು ತೆಗೆದುಕೊಂಡಳು. ಆ ದಾರಿಯುದ್ದಕ್ಕೂ ಇಬ್ಬರೂ ಮಾರ್ಚ್ ತಿಂಗಳ ಆ ಸಭೆಯ ಮಾತೆತ್ತಲಿಲ್ಲ.

ದೋನ್ಯಾ ಸೆಬಾಸ್ತಿಯಾನಾ ತೀರಿಕೊಂಡು ಆರು ವರ್ಷವಾಗಿತ್ತು. ಮಗಳು ದೋನ್ಯಾ ವೆನ್ಸೆಸ್ಲಾದಾ ಹೊಲದಲ್ಲಿದ್ದರು. ದೋನ್ಯಾ ಎಂದು ಗೌರವದಿಂದ ಕರೆಯುವಷ್ಟು ಹಿರಿಯರು, ಅರವತ್ತು ದಾಟಿದ ಹೆಂಗಸು, ಟೋಪಿಯ ಕೆಳಗೆ ಎರಡು ಬಿಳಿ ಜಡೆ. ಸೆನೋಬಿಯಾ ಎಲ್ಲವನ್ನೂ ಮೊದಲಿನಿಂದ ಹೇಳಿದಳು, ಹೂವನ್ನೂ ಬಿಡದೆ. ಬಚ್ಚಿಟ್ಟು ಕೇಳುವುದು ಅವಳಿಗೆ ಇನ್ನು ಸಾಧ್ಯವಿರಲಿಲ್ಲ.

ಮುದುಕಿ ಗುದ್ದಲಿಯ ಮೇಲೆ ಗದ್ದ ಊರಿ ಕೇಳಿಸಿಕೊಂಡರು. ಆಮೇಲೆ ಹೊಟ್ಟೆ ಹಿಡಿದು ನಕ್ಕರು. "ಕೊಟ್ರಲ್ಲಾ ಪಚಮಾಮಾಗೆ, ಹನ್ನೊಂದನ್ನೂ ಒಟ್ಟಿಗೇ! ಇಷ್ಟು ಧಾರಾಳ ನಮ್ಮೂರಲ್ಲೂ ಯಾರೂ ಇಲ್ಲ ಕಣ್ರೇ." ನಗು ಇಳಿದ ಮೇಲೆ ಮುಖ ಬದಲಾಯಿತು. "ಆ ಕನ್ನಡಕದ ಮನುಷ್ಯ ಬದುಕವ್ನಾ? ನಮ್ಮವ್ವ ಸಾಯೋ ತನಕ ಕೇಳ್ತಿದ್ಲು. ನನ್ನ ಗಡ್ಡೆ ತಗೊಂಡೋದ, ಏನಾಯ್ತು ಅಂತ ಒಂದ್ಮಾತು ಹೇಳಕೂ ಬರ್ಲಿಲ್ಲ ಅಂತ."

"ಬದುಕಿದಾರೆ," ಎಂದಳು ಸೆನೋಬಿಯಾ. "ಅದೇ ನಾಚಿಕೆಗೆ ತಮ್ಮ ಹೆಸರು ಹೇಳ್ಬೇಡ ಅಂದ್ರು."

"ಹೇಳ್ಬಿಟ್ಯಲ್ಲ!" ಎಂದು ಮುದುಕಿ ಮತ್ತೆ ನಕ್ಕರು. "ಇಲ್ಲಿ ಈಗ ಅದನ್ನ ಬೇಕೂಂತ ಯಾರೂ ಹಾಕಲ್ಲ. ಸಿಪ್ಪೆ ಸುಲಿಯೋ ಹೊತ್ಗೆ ಸೊಸೇರು ನಿಜವಾಗ್ಲೂ ಅಳ್ತಾರೆ. ಬೇರೆ ಗಡ್ಡೆ ಮಧ್ಯೆ ತಾನಾಗಿ ಒಂದೆರಡು ಬರ್ತದೆ. ಎಲ್ಲಿ ಅಂತ ನಂಗೂ ಗೊತ್ತಿಲ್ಲ. ಅಗೀರಿ, ಸಿಕ್ರೆ ನಿಮ್ದು."

ಮೂವರೂ ಸಾಲು ಹಿಡಿದರು. ಮಧ್ಯಾಹ್ನದವರೆಗೆ ಹದಿನೆಂಟು ಸಾಲು. ಬಿಳಿ, ಹಳದಿ, ಕಪ್ಪು, ನೇರಳೆ, ಎಲ್ಲವೂ ಬಂದವು, ಬೇಕಾದದ್ದು ಬರಲಿಲ್ಲ. ದೋನ್ಯಾ ಮಣ್ಣುಹೆಂಟೆಗಳ ಗೂಡು ಕಟ್ಟಿ, ಕಾಯಿಸಿ, ಕೆಡವಿ, ಅದರೊಳಗೆ ಬೆಂದ ಗಡ್ಡೆಯನ್ನು ಗಿಣ್ಣಿನ ಜೊತೆ, ಖಾರದ ಲ್ಯಾಹ್ವಾ ಚಟ್ನಿಯ ಜೊತೆ ಕೊಟ್ಟರು. ದೆಲಿಯಾ ಬೆರಳು ಸುಟ್ಟುಕೊಂಡಳು. ಸೆನೋಬಿಯಾಳಿಗೆ ರುಚಿ ತಿಳಿಯಲಿಲ್ಲ. ಉಳಿದ ಸಾಲುಗಳನ್ನು ಎಣಿಸುತ್ತಿದ್ದಳು. ಏಳು.

ಐದನೆಯದರ ತುದಿಯಲ್ಲಿ ಲಿಂಬರ್ಟ್ ಗುದ್ದಲಿ ಎತ್ತಿದವನು ಹಾಗೇ ನಿಂತ. "ಸೆನೋ. ಇಲ್ಲಿ ಬಾ. ನಾನು ಮುಟ್ಟಲ್ಲ, ನೀನೇ ತೆಗಿ."

ಅವಳು ಮಂಡಿಯೂರಿ ಬೆರಳಿನಿಂದ ಮಣ್ಣು ಸರಿಸಿದಳು. ಗಂಟುಗಂಟಾದ, ಕಣ್ಣುಗಳೆಲ್ಲ ಒಳಕ್ಕೆ ಹೂತ, ದೇವದಾರಿನ ಕಾಯಿಯಂಥ ಗಡ್ಡೆ. ಅದರ ಪಕ್ಕ ಇನ್ನೊಂದು. ಆಮೇಲೆ ಮೂರು ಪುಟ್ಟವು. ಐದನ್ನೂ ಅಂಗೈಯಲ್ಲಿಟ್ಟುಕೊಂಡು ಅವಳು ಅಲ್ಲೇ ಕೂತುಬಿಟ್ಟಳು. "ಎಂಟು," ಎಂದಳು ದೆಲಿಯಾ, ಹಿಂದಿನಿಂದ, ಎಲ್ಲರಿಗಿಂತ ಜೋರಾಗಿ.

ದೋನ್ಯಾ ವೆನ್ಸೆಸ್ಲಾದಾ ಬಂದು ಐದರಲ್ಲಿ ಎರಡನ್ನು ತಮ್ಮ ಮಡಿಲಿಗೆ ಹಾಕಿಕೊಂಡರು. "ಇವು ನಮ್ಗಿರ್ಲಿ. ನೀವು ಇನ್ನೊಂದ್ಸಲ ಹೂವು ಹಾಕಿದ್ರೆ ಬೇಕಾಗ್ತವೆ."

"ಬೇಡ ಅನ್ನಲ್ಲ ದೋನ್ಯಾ," ಎಂದಳು ಸೆನೋಬಿಯಾ. "ಇದು ಹೇಗಿದೆ ಅಂತ ಈ ಸಲ ನಾವು ಬಂದು ಹೇಳ್ತೀವಿ."

"ಹಿಂದಿನೋನೂ ಹಂಗೇ ಅಂದಿದ್ದ." ಮುದುಕಿ ಸೆರಗಿನಂತೆ ಹೊದ್ದಿದ್ದ ಬಣ್ಣದ ಬಟ್ಟೆಯನ್ನು ಬಿಗಿ ಮಾಡಿಕೊಂಡರು. "ನೀವು ಬರೋದೇನು, ನಾನೇ ಬರ್ತೀನಿ. ಅದು ಎಲ್ಲಿ ಮಲಗ್ತದೆ ನೋಡ್ಬೇಕು. ಆ ಸಭೆ ಅಂದ್ಯಲ್ಲ, ಯಾವತ್ತು?"

"ಜೂನ್ ಇಪ್ಪತ್ತಾರು, ಬೆಳಿಗ್ಗೆ ಹತ್ತಕ್ಕೆ. ಆದ್ರೆ ಅಲ್ಲಿ ಮೇಷ್ಟ್ರು ಮೂರು, ವಿದ್ಯಾರ್ಥಿಗಳು ಮೂರು..." ಎನ್ನುತ್ತ ಹೋದವಳು ಅಲ್ಲಿಗೇ ನಿಂತಳು. ಗಡ್ಡೆ ಕೊಟ್ಟ ಊರಿನವರಿಗೆಂದು ಮೇಜಿನ ಸುತ್ತ ಇನ್ನೊಂದು ಕುರ್ಚಿ ಹಿಡಿಸುತ್ತದೆಯೇ ಎಂದು ಯೋಚಿಸಿದಳು. ಹಿಡಿಸುತ್ತಿತ್ತು. ಆ ಕುರ್ಚಿಗಾಗಿ ಎಷ್ಟು ಸಭೆ, ಎಷ್ಟು ಮಾತು ಬೇಕಾದೀತೆಂದೂ ಅವಳಿಗೆ ಗೊತ್ತಿತ್ತು. ಲಿಂಬರ್ಟ್ ಅವಳ ಮುಖ ನೋಡಿ ಅರ್ಥ ಮಾಡಿಕೊಂಡವನಂತೆ ಹುಬ್ಬೇರಿಸಿದ.

"ಅದಕ್ಕೆ ಮೈಕು ಬೇಡ, ನಾನಿದೀನಿ," ಎಂದ.

ಸೆನೋಬಿಯಾ ಮೂರು ಗಡ್ಡೆಗಳನ್ನು ಕಾಗದದಲ್ಲಿ ಸುತ್ತಿ, ಅದರ ಮೇಲೆ ಊರಿನ ಹೆಸರು ಬರೆದಳು. ಕೊಟ್ಟವರ ಹೆಸರೆಂದು ಇದ್ದ ಜಾಗದಲ್ಲಿ ತಾಯಿಯ ಹೆಸರನ್ನೂ ಮಗಳ ಹೆಸರನ್ನೂ ಬರೆದಳು. ದೋನ್ಯಾ ಓದು ಬಾರದವರಾದರೂ ಬಾಗಿ ಅಕ್ಷರಗಳನ್ನು ಗಮನಿಸಿ ನೋಡಿದರು.

"ಯಾವ ಬಸ್ಸು ಹಿಡೀಬೇಕು?" ಎಂದು ಕೇಳಿದರು.